ಒಂದು ಕಟ್ಟಿಗೆ ಒಂದು ಮಾತು

ಫೆಬ್ರವರಿಯ ಒಂದು ಶನಿವಾರ ನಾನು ಶಾಲೆಯ ಹೆಡ್ ಮೇಡಮ್ಮನ ಎದುರು ಕೂತು ಹತ್ತು ನಿಮಿಷ "ಆಂ, ಆಂ" ಎಂದೆ. ಆ ಹತ್ತು ನಿಮಿಷದಲ್ಲಿ ನನ್ನ ಮಗಳ ಒಂದು ವರ್ಷವನ್ನು ಕೊಟ್ಟು ಬಂದಿದ್ದೆ.

ನಮ್ಮ ಕಡೆ ದೊಡ್ಡವರು ಮಾತಾಡುವಾಗ ಕೇಳುವವರು ಬಾಯಿ ಮುಚ್ಚಿ ಕೂರುವುದಿಲ್ಲ. ಮದ್ರಸದ ಉಸ್ತಾದರಾಗಲಿ, ಡಾಕ್ಟರಾಗಲಿ, ಪಂಚಾಯತಿನ ಗುಮಾಸ್ತರಾಗಲಿ, ಅವರ ಒಂದೊಂದು ಮಾತಿಗೂ ಒಂದು "ಆಂ" ಸೇರಿಸುತ್ತಾ ಹೋಗಬೇಕು. ಅದು ಒಪ್ಪಿಗೆಯಲ್ಲ. ಕಿವಿ ಇಲ್ಲೇ ಉಂಟು, ನೀವು ಹೇಳಿ ಎನ್ನುವ ಮರ್ಯಾದೆ. ಸುಮ್ಮನೆ ಕೂತರೆ ಸೊಕ್ಕಿನವಳು ಎನ್ನುತ್ತಾರೆ. ಬಂಟ್ವಾಳದ ನನ್ನ ತಾಯಿಮನೆಯಲ್ಲೂ ಇದೇ ಕ್ರಮ, ಮದುವೆಯಾಗಿ ಬಂದ ಈ ಲಾಯಿಲದಲ್ಲೂ ಇದೇ ಕ್ರಮ.

ಹೆಡ್ ಮೇಡಂ ಈ ಊರಿನವರಲ್ಲ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಹೋದವಳು. ಅದಕ್ಕೇ ಪಕ್ಕದ ಮನೆಯ ದೀಕ್ಷಿತಾಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವಳು ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಬಿ.ಕಾಂ. ಓದುವ ಹುಡುಗಿ. ಶಾಲೆಯ ಮೀಟಿಂಗುಗಳಲ್ಲಿ ನನ್ನ ಬಾಯಿ ಅವಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಎಂತ ಹೇಳಿದ್ರು ಮೇಡಂ?"

"ಜಸ್ನಾ ಕ್ಲಾಸಲ್ಲಿ ಬಾಯಿಯೇ ಬಿಡುವುದಿಲ್ಲವಂತೆ ಅಕ್ಕ. ಬರೆಯುವುದು ಅಡ್ಡಿಲ್ಲ, ಓರಲ್‌ನಲ್ಲಿ ಸೊನ್ನೆ. ಇನ್ನೊಂದು ವರ್ಷ ಒಂದನೇಯಲ್ಲೇ ಕೂರಲಿ ಅಂದ್ರು. ಅದಕ್ಕೆ ಮನೆಯವರ ಒಪ್ಪಿಗೆ ಬೇಕಂತೆ, ರಿಸಲ್ಟಿನ ದಿನ ನೀವು ಒಂದು ಫಾರ್ಮಿಗೆ ಸೈನ್ ಹಾಕಬೇಕು."

"ನೀನೆಂತ ಹೇಳಿದೆ?"

"ನಾನೆಂತ ಹೇಳುವುದು? ನೀವೇ ಆಂ, ಆಂ ಹೇಳ್ತಾ ಇದ್ರಲ್ಲ! ಅಕ್ಕನಿಗೆ ಅರ್ಥ ಆಯ್ತು, ಒಪ್ಪಿಗೆ ಉಂಟು ಅಂತ ನಾನೂ ಯೆಸ್ ಮೇಡಂ ಅಂದೆ."

ನನ್ನ ತೊಡೆಯ ಮೇಲೆ ಕೂತಿದ್ದ ಜಸ್ನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ, "ಉಮ್ಮ, ಪ್ರಾಪ್ತಿ ಎರಡನೇಗೆ ಹೋಗ್ತಾಳಾ?" ಎಂದಳು. ಪ್ರಾಪ್ತಿ ಅವಳ ಬೆಂಚಿನ ಗೆಳತಿ.

"ಹೋಗ್ತಾಳೆ."

"ಹಾಗಾದ್ರೆ ನನ್ನ ಬೆಂಚಿನಲ್ಲಿ ಯಾರು?"

ಅವಳ ಕೈಯಿಂದ ಬಾಟಲಿ ತೆಗೆದು ಮುಚ್ಚಳ ಗಟ್ಟಿ ಮಾಡಿದೆ.

ಮನೆಯಲ್ಲಿ ಅವಳು ವಟವಟ ಎನ್ನುವ ಹುಡುಗಿ. ಬ್ಯಾರಿ ಭಾಷೆಯಲ್ಲಿ ಕೋಳಿಯ ಹತ್ತಿರವೂ ಜಗಳ ಮಾಡುತ್ತಾಳೆ, ದೀಕ್ಷಿತಾಳ ಮನೆಗೆ ಹೋದರೆ ತುಳು, ಟಿ.ವಿ. ಎದುರು ಕನ್ನಡ. ಶಾಲೆ ಶುರುವಾದ ಮೊದಲ ವಾರ ಬಾಟಲಿ ಖಾಲಿಯಾಗಿ ಬ್ಯಾರಿಯಲ್ಲಿ ನೀರು ಕೇಳಿದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ, ಟೀಚರು ಕೂಡ. ಅವತ್ತು ಮುಚ್ಚಿದ ಬಾಯಿ. ನೀರು ಕುಡಿಯುವುದನ್ನೂ ಬಿಟ್ಟಿದ್ದಳು. ಸಂಜೆ ಬಾಟಲಿ ತುಂಬಿದ್ದು ತುಂಬಿದ ಹಾಗೆ ವಾಪಸು ಬರುತ್ತಿತ್ತು. ಅದರ ಕಾರಣ ನನಗೆ ಗೊತ್ತಾಗುವಾಗ ನವೆಂಬರ್ ಆಗಿತ್ತು.

ಗಲ್ಫಿನಲ್ಲಿ ಅಂಗಡಿ ಕೆಲಸದಲ್ಲಿರುವ ಗಂಡ ಅಶ್ರಫ್‌ಗೆ ವಿಷಯ ತಿಳಿಸಿದೆ. ಅವರ ವಾಯ್ಸ್ ಮೆಸೇಜು ಬಂತು: "ಸೈನಬ, ಸೈನ್ ಹಾಕು. ಮೇಡಂ ಹತ್ತಿರ ಜಗಳ ಬೇಡ. ಒಂದು ವರ್ಷ ಅಲ್ವಾ, ಆಕಾಶ ಬೀಳುವುದಿಲ್ಲ." ಆಕಾಶ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಅಷ್ಟು ದೂರದಿಂದ ಕಾಣುವುದಿಲ್ಲ.

ಸೋಮವಾರ ನಾನು ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋದೆ. ಬೀಡಿ ಕಟ್ಟುವವರಿಗೆ ಈ ಬ್ರಾಂಚೇ ಪರೀಕ್ಷೆ. ಚೆಕ್ಕರ್ ಕಮಲಾಕ್ಷಣ್ಣ ಇಪ್ಪತ್ತೈದರ ಒಂದೊಂದು ಕಟ್ಟನ್ನೂ ಹಿಡಿದು, ಒತ್ತಿ, ಬುಡ ನೋಡಿ, ಸರಿಯಿಲ್ಲದ್ದನ್ನು ಬುಟ್ಟಿಗೆ ಎಸೆಯುತ್ತಾರೆ. ಅದಕ್ಕೆ ಚಾಟ್ ಎನ್ನುವುದು. ಅವತ್ತು ನನ್ನ ಮೂರು ಕಟ್ಟು ಚಾಟಿಗೆ ಹೋಯಿತು.

"ಅಣ್ಣ, ಬಿಚ್ಚಿ ತೋರಿಸಿ," ಎಂದೆ.

"ನಿನ್ನದೊಂದು ಯಾವಾಗಲೂ ಕೋರ್ಟು ಮಾರಾಯ್ತಿ!"

"ಕೋರ್ಟೇ. ಎಸೆಯುವವರು ತೋರಿಸಬೇಕು."

ಅವರು ಗೊಣಗುತ್ತಲೇ ಒಂದೊಂದೇ ಕಟ್ಟು ಬಿಚ್ಚಿದರು. ಎರಡು ಕಟ್ಟಿನಲ್ಲಿ ತುದಿಗೆ ಹೊಗೆಸೊಪ್ಪು ನಿಜವಾಗಿಯೂ ಕಡಿಮೆ ಇತ್ತು. ಒಪ್ಪಿಕೊಂಡೆ. ಮೂರನೆಯದು ಸರಿ ಇತ್ತು. ಬುಟ್ಟಿಯಿಂದ ವಾಪಸು ತೆಗೆಸಿದೆ. ನನ್ನ ಉಮ್ಮ ಕಲಿಸಿಕೊಟ್ಟ ಕ್ರಮ ಇದು: ಬಿಚ್ಚಿ ತೋರಿಸದೆ ಎಸೆದದ್ದನ್ನು ಎಸೆಯಲು ಬಿಡಬೇಡ.

ಖಾಲಿ ಚೀಲ ಮಡಚಿಕೊಂಡು ಮನೆಗೆ ನಡೆಯುವಾಗ ಹೊಳೆಯಿತು. ಒಂದು ಬೀಡಿಗೆ ಇಷ್ಟು ವಾದ ಮಾಡುವವಳು ಮಗಳನ್ನು ಬುಟ್ಟಿಗೆ ಎಸೆಯುವಾಗ ಆಂ, ಆಂ ಎಂದಿದ್ದೆ. ಕಮಲಾಕ್ಷಣ್ಣನ ಹತ್ತಿರ ವಾದ ಮಾಡಲು ನನಗೆ ಭಾಷೆ ಇತ್ತು. ಅಲ್ಲಿ ಇರಲಿಲ್ಲ. ವ್ಯತ್ಯಾಸ ಇಷ್ಟೇ.

ಅವತ್ತೇ ಸಂಜೆ ದೀಕ್ಷಿತಾಳಿಗೆ ಹೇಳಿದೆ, "ನನಗೆ ಇಂಗ್ಲಿಷ್ ಕಲಿಸು. ರಿಸಲ್ಟಿಗೆ ಆರು ವಾರ ಉಂಟು."

"ಆರು ವಾರದಲ್ಲಾ? ನಾನು ಹದಿನೈದು ವರ್ಷದಿಂದ ಕಲೀತಿದ್ದೇನೆ ಅಕ್ಕ, ಮೇಡಂ ಎದುರು ನನಗೇ ಕಾಲು ನಡುಗ್ತದೆ."

"ನಡುಗುವ ಕಾಲು ನಿನ್ನದು. ನನಗೆ ಮಾತು ಮಾತ್ರ ಕೊಡು."

ಅವಳು ಮೊದಲು ತಂದದ್ದು ಚಿತ್ರದ ಪುಸ್ತಕ. ಅದರಲ್ಲಿ ಹಿಮದ ಮನೆ, ಹಿಮಕರಡಿ, ರಾಜನ ಕಿರೀಟ. ಅದು ನನಗೆ ಯಾವಾಗ ಬೇಕು? ಪುಸ್ತಕ ಮುಚ್ಚಿದೆ. "ಈ ಮನೆಯೊಳಗೆ ಇರುವುದಕ್ಕೆಲ್ಲ ಹೆಸರು ಹೇಳು. ನಾನು ದಿನಾ ಹೇಳುವ ಮಾತೆಲ್ಲ ಇಂಗ್ಲಿಷಿನಲ್ಲಿ ಹೇಗೆ, ಅದನ್ನು ಹೇಳು."

ಬೀಡಿಯ ಹಳೆ ಲೇಬಲ್ಲುಗಳ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಸೌಟು ಎಂದರೆ ಲೇಡಲ್. ಕತ್ತಿ, ಹಗ್ಗ, ಪೊರಕೆ, ಮುಚ್ಚಳ. ಆಮೇಲೆ ಮಾತುಗಳು. ಸೋಕ್ ದ ಲೀವ್ಸ್. ಕಟ್ ದ ಥ್ರೆಡ್. ವಾಶ್ ಯುವರ್ ಫೀಟ್. ಹೂ ಈಸ್ ದೇರ್? ಡೋಂಟ್ ಟಚ್ ದ ಸಿಸರ್ಸ್.

ಓದಲು ಕೂರುವ ಹೊತ್ತು ನನಗಿಲ್ಲ. ಆದರೆ ಬೀಡಿ ಕಟ್ಟುವಾಗ ಕೈ ಕೆಲಸದಲ್ಲಿ ಇರುತ್ತದೆ, ಬಾಯಿ ಖಾಲಿ. ಹಾಗಾಗಿ ಒಂದು ಕಟ್ಟಿಗೆ ಒಂದು ಮಾತು ಎಂದು ಇಟ್ಟುಕೊಂಡೆ. ಎಲೆ ಸುರುಳಿ ಮಾಡಿ, ಬುಡ ಮಡಚಿ, ನೂಲು ಸುತ್ತುವಷ್ಟರಲ್ಲಿ ಒಂದು ಸಲ ಹೇಳಿದರೆ ಕಟ್ಟು ಮುಗಿಯುವಾಗ ಇಪ್ಪತ್ತೈದು ಸಲ ಆಗುತ್ತದೆ. ಇಪ್ಪತ್ತೈದು ಸಲ ಹೇಳಿದ ಮಾತು ಸುಲಭಕ್ಕೆ ಹೋಗುವುದಿಲ್ಲ. ಕೈಗೆ ಹಿಡಿದ ಎಲೆಯ ವಾಸನೆಯ ಹಾಗೆ ಉಳಿಯುತ್ತದೆ.

ಜಸ್ನಾ ಎದುರು ಕೂತು ಹೋಂವರ್ಕ್ ಮಾಡುತ್ತಿದ್ದಳು. ಅವಳಿಗೆ ಬೀಡಿ ಕಟ್ಟುವ ಮೊರ ಮುಟ್ಟಲು ಬಿಡುವುದಿಲ್ಲ. ನಾನು ಎಂಟನೇ ವಯಸ್ಸಿಗೆ ಮೊರ ಹಿಡಿದವಳು, ಆಮೇಲೆ ಅದೇ ನನ್ನನ್ನು ಹಿಡಿದುಕೊಂಡಿತು. ನೀನೂ ಹೇಳು ಎಂದು ಅವಳನ್ನು ನಾನು ಕೇಳಲಿಲ್ಲ. ಮೊದಲ ವಾರ ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಒಂದು ದಿನ ನಾನು, "ಕಟ್ ದ ಫೀಟ್, ಕಟ್ ದ ಫೀಟ್," ಎಂದುಕೊಂಡು ಕಟ್ಟುತ್ತಿದ್ದೆ. ಮೂರು ಬೀಡಿ ಆಗುವಷ್ಟರಲ್ಲಿ ಜಸ್ನಾ ಪೆನ್ಸಿಲ್ ಬಿಸಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಮ್ಮ! ಯಾರ ಕಾಲು ಕತ್ತರಿಸುವುದು? ವಾಶ್! ವಾಶ್ ಯುವರ್ ಫೀಟ್!"

ನಾನೂ ನಕ್ಕೆ. ತಪ್ಪು ಹೇಳಿದ ಉಮ್ಮನಿಗೆ ಏನೂ ಆಗಲಿಲ್ಲ, ನೆಲ ಬಿರಿಯಲಿಲ್ಲ. ಅದನ್ನು ಅವಳು ನೋಡಿದಳು. ಆಮೇಲೆ ದಿನಕ್ಕೆ ನಾಲ್ಕು ತಪ್ಪು ಬೇಕೆಂದೇ ಮಾಡುತ್ತಿದ್ದೆ. ಉಳಿದ ಹತ್ತು ತಾನಾಗಿಯೇ ಆಗುತ್ತಿತ್ತು. ಎಲ್ಲವನ್ನೂ ಅವಳು ತಿದ್ದುತ್ತಿದ್ದಳು. ಒಂದನೇ ಕ್ಲಾಸಿನ ಟೀಚರು ನನ್ನ ಮನೆಯಲ್ಲೇ ಇದ್ದಳು. ಮಾರ್ಚ್ ಕೊನೆಗೆ ಕೋಳಿಗೂ ಇಂಗ್ಲಿಷಿನಲ್ಲೇ ಬೈಗುಳ ಶುರುವಾಯಿತು: "ಗೋ ಔಟ್! ದಿಸ್ ಈಸ್ ನಾಟ್ ಯುವರ್ ಪ್ಲೇಟ್!"

ರಿಸಲ್ಟಿನ ದಿನ ದೀಕ್ಷಿತಾಳಿಗೆ ಪರೀಕ್ಷೆ ಇತ್ತು. ಇಲ್ಲದಿದ್ದರೂ ನಾನು ಅವಳನ್ನು ಕರೆಯುತ್ತಿರಲಿಲ್ಲ. ಚಾರ್ಮಾಡಿಯ ಬಸ್ಸು ಹತ್ತಿ ಜಸ್ನಾಳೊಂದಿಗೆ ಹೋದೆ.

ಹೆಡ್ ಮೇಡಂ ಪಕ್ಕದಲ್ಲಿ ಕ್ಲಾಸ್ ಟೀಚರು ಕೂತಿದ್ದರು. ಮೇಜಿನ ಮೇಲೆ ಫಾರ್ಮು, ಅದರ ಮೇಲೆ ಪೆನ್ನು. ಮೇಡಂ ನಗುತ್ತಾ ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದರು. ಮಕ್ಕಳು, ಬೇಸ್, ಕಾನ್ಫಿಡೆನ್ಸ್, ಮನೆಯ ವಾತಾವರಣ. ನನಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅರ್ಥವಾಯಿತು. ನಾನು ಆಂ ಎನ್ನಲಿಲ್ಲ. ಗಂಟಲಿನ ತನಕ ಬಂದದ್ದನ್ನು ನುಂಗಿಕೊಂಡೆ. ಒಂದೂ ಆಂ ಇಲ್ಲದ ಆ ಕೋಣೆಯಲ್ಲಿ ಅವರ ಮಾತು ನಡುನಡುವೆ ನಿಂತು ನಿಂತು ಹೋಯಿತು. ಕೊನೆಗೆ ಪೆನ್ನನ್ನು ನನ್ನ ಕಡೆ ಸರಿಸಿದರು.

"ಶೋ ಮಿ," ಎಂದೆ.

"ಪಾರ್ಡನ್?"

"ಯು ಸೇ ಜೀರೋ. ಶೋ ಮಿ ದ ಜೀರೋ."

ಟೀಚರು ಮೇಡಮ್ಮನ ಮುಖ ನೋಡಿದರು. ಮೇಡಂ ಮೊದಲ ಸಲ ಕನ್ನಡಕ್ಕೆ ಇಳಿದರು. "ನೋಡಿ ಅಮ್ಮ, ಅದು ಓರಲ್ ಟೆಸ್ಟ್. ತೋರಿಸೋಕೆ ಏನಿರುತ್ತೆ?"

"ಎಂತ ಕೇಳಿದ್ದು, ಅದನ್ನು ತೋರಿಸಿ ಮೇಡಂ. ಚೆಕ್ಕಿಂಗ್ ಮಾಡಿದವರು ತೋರಿಸಬೇಕು."

ಟೀಚರು ಕಪಾಟಿನಿಂದ ಚಿತ್ರದ ಹಾಳೆ ತಂದರು. ಹತ್ತು ಚಿತ್ರ. ಹಿಮದ ಮನೆ, ಹಿಮದ ಮನುಷ್ಯ, ಉಣ್ಣೆಯ ಕೈಗವಸು, ಗೋಡೆಯೊಳಗೆ ಉರಿಯುವ ಒಲೆ, ನಾಯಿಗಳು ಎಳೆಯುವ ಗಾಡಿ. ದೀಕ್ಷಿತಾ ತಂದಿದ್ದ ಆ ಪುಸ್ತಕದ ತಮ್ಮ ತಂಗಿಯರು.

ನಾನು ಹಿಮದ ಮನೆಯ ಮೇಲೆ ಬೆರಳಿಟ್ಟೆ. "ಟೀಚರ್, ಇದು ನಮ್ಮ ಕಡೆ ಯಾವ ಊರಲ್ಲಿ ಉಂಟು, ಮುಂಡಾಜೆಯಲ್ಲಾ, ಕಕ್ಕಿಂಜೆಯಲ್ಲಾ?"

ಟೀಚರಿಗೆ ನಗು ಬಂತು, ತಡೆದುಕೊಂಡರು. ಮೇಡಂ, "ಸಿಲೆಬಸ್ ನಾವು ಮಾಡೋದಲ್ಲ," ಎಂದರು. "ಬೇರೆ ಮಕ್ಕಳು ಹೇಳಿದ್ದಾರಲ್ಲ?"

"ಹೇಳಿರಬಹುದು. ಇವಳು ಹೇಳಿಲ್ಲ, ಒಪ್ಪಿದೆ. ಇವಳಿಗೆ ಇಂಗ್ಲಿಷೇ ಇಲ್ಲ ಅಂತ ನೀವು ಹೇಳುವುದನ್ನು ಒಪ್ಪುವುದಿಲ್ಲ." ಕಿಟಕಿಯ ಹೊರಗೆ ಡ್ರೈವರ್ ಹನೀಫಾ ಶಾಲೆಯ ವ್ಯಾನಿಗೆ ನೀರು ಎರಚುತ್ತಿದ್ದ. "ಜಸ್ನಾ, ವಾಟ್ ಈಸ್ ಹೀ ಡೂಯಿಂಗ್?"

ಜಸ್ನಾ ನನ್ನ ಬುರ್ಖಾದ ತುದಿ ಹಿಡಿದುಕೊಂಡಳು. ಟೀಚರನ್ನು ನೋಡಿದಳು, ಕಿಟಕಿ ನೋಡಿದಳು, ನೆಲ ನೋಡಿದಳು. ಮೇಡಂ ಮೆಲ್ಲಗೆ, "ನೋಡಿದ್ರಾ?" ಎಂದರು.

ನಾನು ಅವಸರ ಮಾಡಲಿಲ್ಲ. ಮಗುವಿನ ಬಾಯಿಯನ್ನು ಕೈ ಹಾಕಿ ತೆರೆಯಲಿಕ್ಕಾಗುವುದಿಲ್ಲ. ಕಿಟಕಿಯನ್ನೇ ನೋಡುತ್ತಾ, ಮನೆಯಲ್ಲಿ ಹೇಳುವ ಹಾಗೆ, ನನ್ನಷ್ಟಕ್ಕೆ ಹೇಳಿಕೊಂಡೆ, "ಹೀ ಈಸ್ ಕಟಿಂಗ್ ದ ವ್ಯಾನ್."

"ಉಮ್ಮ!" ಜಸ್ನಾಳಿಗೆ ತಡೆಯಲಾಗಲಿಲ್ಲ. "ವಾಶಿಂಗ್! ಹೀ ಈಸ್ ವಾಶಿಂಗ್ ದ ವ್ಯಾನ್. ದ ಬಕೆಟ್ ಈಸ್ ಎಂಪ್ಟಿ. ಹೀ ಈಸ್... ಹೀ ಈಸ್ ಆ್ಯಂಗ್ರಿ, ದ ಕ್ರೋ ಈಸ್ ಸಿಟ್ಟಿಂಗ್ ಆನ್ ದ ವ್ಯಾನ್!"

ಕಾಗೆಯನ್ನು ನಾನು ನೋಡಿರಲೇ ಇಲ್ಲ. ಟೀಚರು ಎದ್ದು ಕಿಟಕಿಯ ಹತ್ತಿರ ಹೋಗಿ ನೋಡಿದರು. ಕಾಗೆ ಇತ್ತು.

ಒಮ್ಮೆ ಬಾಯಿ ಬಿಟ್ಟ ಜಸ್ನಾ ನಿಲ್ಲಿಸಲಿಲ್ಲ. "ಟೀಚರ್, ಐ ಆ್ಯಮ್ ಥರ್ಸ್ಟಿ. ಗಿವ್ ಮಿ ವಾಟರ್, ಪ್ಲೀಸ್."

ಅವಳ ಬಾಟಲಿ ನನ್ನ ಚೀಲದಲ್ಲೇ ಇತ್ತು, ತುಂಬಿತ್ತು. ನಾನು ತೆಗೆಯಲಿಲ್ಲ. ಜೂನ್ ತಿಂಗಳ ಆ ನಗು ಟೀಚರಿಗೆ ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಮೇಜಿನ ಮೇಲಿದ್ದ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ತಂದು ಕೊಟ್ಟರು. ಜಸ್ನಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು.

ಹೆಡ್ ಮೇಡಂ ಸುಲಭಕ್ಕೆ ಬಿಡುವವರಲ್ಲ. "ನಾಲ್ಕು ವಾಕ್ಯ ಸಾಕಾಗಲ್ಲ ಅಮ್ಮ. ಎರಡನೇ ಕ್ಲಾಸಲ್ಲಿ ಕಷ್ಟ ಆದ್ರೆ ನಮ್ಮನ್ನ ಕೇಳೋಕೆ ಬರಬೇಡಿ."

"ಐ ವಿಲ್ ಕಮ್," ಎಂದೆ. "ಎವ್ರಿ ಮಂತ್ ಐ ವಿಲ್ ಕಮ್. ಎವ್ರಿ ಮಂತ್ ಯು ಶೋ ಮಿ."

ಪೆನ್ನು ತೆಗೆದುಕೊಂಡೆ. ಒಪ್ಪಿಗೆಯ ಗೆರೆಯ ಮೇಲೆ ಸೈನ್ ಹಾಕಲಿಲ್ಲ. ಅದರ ಕೆಳಗೆ ಬರೆದೆ. ಎರಡು ವಾರದಿಂದ ಲೇಬಲ್ಲಿನ ಹಿಂದೆ ಬರೆದು ಬರೆದು ಅಭ್ಯಾಸ ಮಾಡಿದ್ದ ಒಂದೇ ಸಾಲು, ಇಂಗ್ಲಿಷ್ ಅಕ್ಷರದಲ್ಲಿ: ಐ ಡು ನಾಟ್ ಅಗ್ರೀ. ಕೆಳಗೆ ಕನ್ನಡದಲ್ಲಿ ಸೈನಬ. ಫೋನು ತೆಗೆದು ಫಾರ್ಮಿನ ಫೋಟೋ ಹಿಡಿದುಕೊಂಡೆ. ಮೇಡಂ ಫಾರ್ಮನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ರಿಜಿಸ್ಟರು ಎಳೆದು, ಜಸ್ನಾಳ ಹೆಸರಿನ ಎದುರು ಎರಡು ಎಂದು ಬರೆದು, ನನ್ನ ಮುಖ ನೋಡದೆ, "ನೆಕ್ಸ್ಟ್ ಪೇರೆಂಟ್," ಎಂದರು.

ಬಸ್ಸಿನಲ್ಲಿ ಅಶ್ರಫ್‌ರ ಮೆಸೇಜು ಬಂತು. "ಸೈನ್ ಹಾಕಿದ್ಯಾ?"

ಫೋನು ಬಾಯಿಯ ಹತ್ತಿರ ಹಿಡಿದು ಹೇಳಿದೆ: "ನೋ. ಐ ಡಿಡ್ ನಾಟ್ ಸೈನ್. ಶೀ ಈಸ್ ಇನ್ ಸೆಕೆಂಡ್." ಸ್ವಲ್ಪ ಯೋಚಿಸಿ ನಮ್ಮ ಭಾಷೆಯಲ್ಲಿ ಸೇರಿಸಿದೆ, "ಅರ್ಥ ಆಗದಿದ್ರೆ ನಿಮ್ಮ ಅಂಗಡಿಯಲ್ಲಿ ಯಾರನ್ನಾದ್ರೂ ಕೇಳಿ."

ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿದಳು. ಜಸ್ನಾ ನನ್ನ ಚೀಲದಿಂದ ಬಾಟಲಿ ಹೊರಗೆ ಎಳೆದು, ಮುಚ್ಚಳ ತೆಗೆದು, ಲಾಯಿಲ ಬರುವಷ್ಟರಲ್ಲಿ ಅದನ್ನೂ ಖಾಲಿ ಮಾಡಿದ್ದಳು.