ಕೊರಳಮಟ್ಟ ಗೊಬ್ಬರ

"ಕೊರಳ ಮಟ ತುಂಬಲೇ ಗದ್ದೆಪ್ಪಾ! ಆ ಕೈ ಇನ್ನಾ ಆಡಾಕತ್ತದ, ಮೊದಲ ಅದನ್ನ ಹೂಳಲೇ ಸೂಳಿಮಗನ!"

ಮಲ್ಲನಗೌಡ ತಿಪ್ಪೆಯ ಅಂಚಿನಲ್ಲಿ ಧೋತರದ ಚುಂಗು ಎತ್ತಿ ಹಿಡಿದು ನಿಂತಿದ್ದ. ತಗ್ಗಿನೊಳಗೆ ಕೂತವಳು ನಾನು, ಹುಲಿಗೆಮ್ಮ. ನನ್ನ ಮೇಲೆ ಬುಟ್ಟಿಗಟ್ಟಲೆ ಗೊಬ್ಬರ ಸುರಿಯುತ್ತಿದ್ದವನು ನನ್ನ ಹೆತ್ತಪ್ಪ ಗದ್ದೆಪ್ಪ, ಗೌಡನ ಮನೆಯ ಆಳು.

"ಸುಮ್ನ ಕುಂದ್ರವ್ವಾ," ಎಂದ ಅಪ್ಪ. "ಗ್ರಹಣ ಹಿಡದಾಗ ಹೂತ್ರ ಕೈಕಾಲು ನೆಟ್ಟಗ ಆಗ್ತಾವಂತ. ಗೌಡ್ರು ಸುಳ್ಳ ಹೇಳ್ತಾರೇನು?"

ಅದು ಎಂಬತ್ತನೆಯ ಇಸವಿ, ಫೆಬ್ರವರಿಯ ಶನಿವಾರ. ನನಗೆ ಹತ್ತೊಂಬತ್ತು. ರಾಯಚೂರಿನ ಡಾಕ್ಟರೊಬ್ಬರು ಎಂದೋ ಹೇಳಿದ್ದರು: ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿದೆ, ಕೈಕಾಲು ಹೀಗೇ ಇರುತ್ತವೆ, ಬುದ್ಧಿಗೆ ಏನೂ ಆಗಿಲ್ಲ. ಆ ಕೊನೆಯ ಮಾತನ್ನು ನಮ್ಮೂರಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೀರಿಹೋದ ಅವ್ವ ಒಬ್ಬಳೇ ಕೇಳಿಸಿಕೊಂಡು, ನನ್ನನ್ನು ಸೊಂಟದ ಮೇಲೆ ಹೊತ್ತು ಕವಿತಾಳದ ಶಾಲೆಗೆ ಬಿಟ್ಟಳು. ಮಾನ್ವಿಯಲ್ಲಿ ಪರೀಕ್ಷೆಗೆ ಕೂತು ಸೊಟ್ಟ ಅಕ್ಷರದಲ್ಲೇ ಹತ್ತನೆಯದು ಪಾಸು ಮಾಡಿದೆ. ಈಗ ಊರಿಗೆ ವಯಸ್ಕರ ಶಾಲೆ ಬಂದಿತ್ತು, ಕಲಿಸುವವರು ಬೇಕಾಗಿತ್ತು. ಆ ಕೆಲಸ ಸಿಕ್ಕರೆ ನನ್ನ ಅನ್ನ ನಾನು ಉಣ್ಣಬಹುದು, ಆಮೇಲೆ ರಾಯಚೂರಿಗೆ ಹೋಗಿ ಮಾಸ್ತರಿಕೆಯ ಟ್ರೇನಿಂಗೂ ಮಾಡಬಹುದು. ಸೋಮವಾರದೊಳಗೆ ಅರ್ಜಿ ಮಾನ್ವಿಗೆ ಮುಟ್ಟಬೇಕು. ಅದಕ್ಕೆ ಪಂಚಾಯ್ತಿ ಚೇರ್ಮನ್ ಮಲ್ಲನಗೌಡನ ಸಹಿ ಬೇಕು.

ಆ ಕೆಲಸವನ್ನು ಗೌಡ ದೇವದುರ್ಗದಲ್ಲಿದ್ದ ತನ್ನ ತಂಗಿಯ ಮಗನಿಗೆಂದು ಇಟ್ಟುಕೊಂಡಿದ್ದ. ನಾನು ಸಹಿ ಕೇಳಲು ಹೋದಾಗ, ಚಾವಡಿಯಲ್ಲಿ ಹತ್ತು ಮಂದಿಯ ಎದುರು ನನ್ನ ಹಾಗೆ ಕಾಲೆಳೆದು ನಡೆದು ತೋರಿಸಿ ಎಲ್ಲರನ್ನೂ ನಗಿಸಿದ.

"ಜೊಲ್ಲು ಸುರಿಸಾಕಿ ಊರಿಗಿ ಅಕ್ಷರ ಕಲಿಸ್ತಾಳಂತ! ಗ್ರಹಣದಾಗ ತಿಪ್ಪ್ಯಾಗ ಹೂತ್ಕೋ. ಬಿಟ್ಟ ಮ್ಯಾಲ ನನ್ನ ಬಾಗಿಲಿಗಿ ನೆಟ್ಟಗ ನಡಕೋಂತ ಬಾರಬೇ, ಅಲ್ಲೇ ಸಹಿ ಹಾಕ್ತೀನಿ."

ಅಪ್ಪ ಅದನ್ನು ನಂಬಿಬಿಟ್ಟ. ನಿಜ ಹೇಳುತ್ತೇನೆ, ನನಗೆ ಗೌಡನಿಗಿಂತ ಅಪ್ಪನ ಮೇಲೇ ಹೆಚ್ಚು ಸಿಟ್ಟು ಬಂದಿತ್ತು.

ಗೊಬ್ಬರ ಕೊರಳಿಗೆ ಬಂತು. ಬಿಸಿಲು ಮಂಕಾಗತೊಡಗಿದ್ದೇ ಎಲ್ಲರೂ ಮನೆ ಸೇರಿ ಅಗಳಿ ಹಾಕಿಕೊಂಡರು. ಮುಖದ ತುಂಬ ನೊಣ, ಮೂಗಿಗೆ ಉಚ್ಚೆಯ ಘಾಟು, ಎದೆಯ ಮೇಲೆ ಕಲ್ಲು ಹೇರಿದಷ್ಟು ಭಾರ. ನನ್ನನ್ನು ಹೂತು ಹೋದವರು ಒಳಗೆ ಕೂತು ಜಪ ಮಾಡುತ್ತಿದ್ದರು.

ಆದರೆ ನನ್ನ ಬಲಗೈ ಸುಮ್ಮನಿರಲಿಲ್ಲ. ಅದು ನಾನು ಹೇಳಿದರೂ ಸುಮ್ಮನಿರುವ ಕೈ ಅಲ್ಲ. ಗೊಬ್ಬರದೊಳಗೂ ತನ್ನ ಪಾಡಿಗೆ ತಾನು ತಿರುಚಿತು, ಒದ್ದಾಡಿತು. ಸುತ್ತಲ ಗೊಬ್ಬರ ಸಡಿಲಾಯಿತು. ಮೊದಲು ಬೆರಳು ಹೊರಬಂದವು, ಆಮೇಲೆ ಮೊಣಕೈ. ಹಾಡುಹಗಲೇ ಕತ್ತಲಾಗಿ ಚುಕ್ಕೆ ಮೂಡುವ ಹೊತ್ತಿಗೆ ಎದೆಯವರೆಗೆ ಬಗೆದುಕೊಂಡಿದ್ದೆ. ನನಗೆ ಹೆದರಿಕೆಯಾಗಲಿಲ್ಲ. ನನ್ನನ್ನು ನೋಡಿ ನಗುವವರು ಯಾರೂ ಇಲ್ಲದ ಊರನ್ನು ನಾನು ಕಂಡದ್ದು ಅದೇ ಮೊದಲು.

ಸೊಂಟ, ಕಾಲು ಬಿಡಿಸಿಕೊಂಡು ತಗ್ಗಿನಿಂದ ಹೊರಬಿದ್ದು, ಬೆಳಕು ತಿರುಗಿ ಬಲಿಯುವ ಹೊತ್ತಿಗೆ ಗೌಡನ ಓಣಿಯಲ್ಲಿದ್ದೆ. ನಾಲ್ಕು ಹೆಜ್ಜೆ ನಡೆದೆ, ಬಿದ್ದೆ, ತೆವಳಿದೆ, ಅವನ ಮನೆಯ ಗೋಡೆ ಹಿಡಿದು ಮತ್ತೆ ಎದ್ದೆ. ಸುಣ್ಣ ಬಳಿದ ಆ ಗೋಡೆಯುದ್ದಕ್ಕೂ ನನ್ನ ಅಂಗೈಯ ಗೊಬ್ಬರ ಮೂಡಿತು. ಆಳುಗಳು ಮೆಟ್ಟದ ಕಟ್ಟೆ ಹತ್ತಿ, ಹೊಸ್ತಿಲ ಮೇಲೆ ಕೂತೆ.

ಗ್ರಹಣ ಬಿಟ್ಟಿತು. ಸ್ನಾನಕ್ಕೆ ಬಾವಿಗೆ ಹೊರಟ ಗೌಡ ತಂಬಿಗೆ ಹಿಡಿದು ಬಾಗಿಲು ತೆರೆದ.

"ಥೂ! ಹೊಸ್ತಿಲ ಬಿಟ್ಟು ಏಳಬೇ! ಹೆಂಗ್ ಬಂದೀ ಇಲ್ಲಿಗಿ?"

ನನ್ನ ಮಾತು ಬಾಯಿಂದ ಹೊರಬೀಳಲು ಹೊತ್ತು ಹಿಡಿಯುತ್ತದೆ. ಪೂರ್ತಿ ಕೇಳುವ ಪುರುಸೊತ್ತು ಗೌಡನಿಗೆ ಎಂದೂ ಇರಲಿಲ್ಲ. ಇವತ್ತು ನನ್ನನ್ನು ದಾಟದೆ ಅವನು ಹೊರಗೆ ಬರುವಂತಿರಲಿಲ್ಲ.

"ನೆಟ್ಟಗ... ಬಂದಿಲ್ರೀ. ಆದ್ರ... ಒಬ್ಬಾಕೀನ ಬಂದೀನಿ."

ಕುಪ್ಪಸದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಅರ್ಜಿ ತೆಗೆದು ಚಾಚಿದೆ. "ಸಹಿ... ಹಾಕ್ರಿ."

"ಗದ್ದೆಪ್ಪಾ! ಲೇ ಗದ್ದೆಪ್ಪಾ! ಈ ಹೊಲಸನ್ನ ಎಳದ್ ಒಗಿಯಲೇ!"

ಅಪ್ಪ ಓಡಿ ಬಂದ. ನನ್ನ ಮೇಲೆ ಸುರಿದ ಗೊಬ್ಬರ ಅವನ ಮೊಣಕೈವರೆಗೆ ಒಣಗಿ ಹಿಡಿದಿತ್ತು. ಬಗ್ಗಿ ನನ್ನ ರಟ್ಟೆ ಹಿಡಿದ. ರಟ್ಟೆ ಅವನ ಹಿಡಿತದಲ್ಲೂ ಆಡುತ್ತಲೇ ಇತ್ತು. ಅವನು ಗೋಡೆಯ ಮೇಲಿನ ಅಂಗೈಗಳನ್ನು ಒಂದೊಂದಾಗಿ ನೋಡಿದ, ಓಣಿಯ ತುದಿಯವರೆಗೂ ನೋಡಿದ.

"ಎಳಿಯಲೇ, ಏನ್ ನೋಡ್ತೀ?"

ಅಪ್ಪ ಕೈ ಬಿಟ್ಟ. ಹೆಗಲ ಮೇಲಿನ ಟವೆಲ್ಲು ಕೊಡವಿ ಕಟ್ಟೆಯ ಮೇಲೆ ಹಾಸಿ, ನನ್ನ ಪಕ್ಕದಲ್ಲಿ ಕೂತ.

"ಪೆನ್ನು ತರ್ರಿ ಗೌಡ್ರ," ಎಂದ.