ಅರಿಸಿನ ಹತ್ತಿದ ಟವೆಲ್

ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಅರಿಸಿನದ ಧೂಳು ತೇಲುತ್ತಿದೆ, ಇನ್ನೂ ಹೋಗಿಲ್ಲ ನೋಡು, ವ್ಯಾಪಾರ ನಿಂತು ಇಷ್ಟು ವರ್ಷವಾದರೂ ಯಾರಾದರೂ ಕಾಲಿಟ್ಟರೆ ಸಾಕು, ನೆಲದಿಂದ ಏಳುತ್ತದೆ, ಪುಣೆಯಿಂದ ಬಂದವರೆಲ್ಲ ಕ್ಯಾಮೆರಾ ಎತ್ತಿದ್ದಾರೆ, ಎತ್ತಲಿ, ನಿನ್ನೆ ಮಿರಜದ ಸಿತಾರ್ ಓಣಿಯಲ್ಲಿ ತೂಗುಹಾಕಿದ ಸೋರೆ ಬುರುಡೆ ತೆಗೆದರು, ಬೆಳಗ್ಗೆ ಸಾಂಗ್ಲಿವಾಡಿ ಕಡೆ ನಿಂತು ಕೃಷ್ಣೆಯ ಸೇತುವೆ ತೆಗೆದರು, ಎಲ್ಲ ಕಡೆ ಇತಿಹಾಸ ಹೇಳುತ್ತ ಮುಂದೆ ನಡೆದವಳು ನಾನೇ, ಆದರೆ ನನ್ನ ಫೋಟೋ ಟೂರಿನ ಜೀವ ಇರುವುದು ಇಲ್ಲಿ, ಸಾಂಗ್ಲಿ ಪೇಟೆಯ ಈ ಹಳೆ ಅಂಗಡಿಯಲ್ಲಿ, ಅಜ್ಜನ ಗಾದಿಯ ಮೇಲೆ — ಸಂಜೆಗೆ ಇದೇ ಕೈಬಿಟ್ಟು ಹೋಗುತ್ತದೆ. ಅಣ್ಣ ಕಿಶೋರ ಬಾಗಿಲಲ್ಲಿ ಬೀಗ ತಿರುಗಿಸುತ್ತ ನಿಂತಿದ್ದಾನೆ, ಮೊಬೈಲ್ ಅಂಗಡಿಯಂವ ಈ ಜಾಗಾ ಹಿಡ್ಯಾಕ ಸಂಜೀಕ ಬರ್ತಾನ, ಅಜ್ಜ ಹೂಂ ಅಂದ್ರ ಆತು, ನಿನ್ನ ಫೋಟೋ ಗಿಟೋ ಬ್ಯಾರೆ ಕಡೆ ಮಾಡ್ಕೋ ಪ್ರಾಜಕ್ತಾ. ಅಜ್ಜ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ, ಸಿದ್ರಾಮಪ್ಪ ಶೆಟ್ರ ಬಾಯಿಂದ ಒಂದು ಮಾತು ಹೊರಡಿಸುವುದು ಅಂದರೆ ಹುಡುಗಾಟವೇ, ಅವನು ಜೀವಮಾನವಿಡೀ ವ್ಯಾಪಾರ ಮಾಡಿದ್ದು ಬೆರಳಿನಿಂದ, ಟವೆಲ್ಲಿನ ಕೆಳಗೆ, ಎದುರಿನವನ ಬೆರಳು ಎಷ್ಟು ಹಿಡಿದನೋ ಅದೇ ದರ, ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಒಮ್ಮೆ ಟವೆಲ್ ತೆಗೆದು ಹೆಗಲಿಗೆ ಹಾಕಿದನೆಂದರೆ ಮುಗಿಯಿತು, ಮಹಾಪೂರ ಬಂದ ವರ್ಷ ಪೇಟೆ ಅರ್ಧ ಮುಳುಗಿದಾಗಲೂ ಟವೆಲ್ಲಿನಲ್ಲಿ ಕುದುರಿದ ಸೌದಾದಿಂದ ಹಿಂದೆ ಸರಿದವನಲ್ಲ.

ಅದನ್ನೇ ಇವತ್ತು ತೋರಿಸುತ್ತೇನೆಂದು ಇವರನ್ನೆಲ್ಲ ಕರೆತಂದಿದ್ದೇನೆ, ನೋಡಿದರೆ ಎದುರು ಕೂರಬೇಕಿದ್ದ ಹಳೆಯ ಖರೀದಿದಾರ ಕಾಡಸಿದ್ದಪ್ಪ ಕಾಕಾ ಪತ್ತೆಯಿಲ್ಲ, ಫೋನೂ ಎತ್ತುತ್ತಿಲ್ಲ, ಅಜ್ಜ ಟವೆಲ್ ಕೈಯಲ್ಲಿ ಹಿಡಿದು ಕೂತಿದ್ದಾನೆ, ಇನ್ನ ಯಾರ ಜೋಡಿ ಕೈ ಕೂಡಸ್ಲೆವಾ. ಯಾರ ಜೋಡಿ — ನನಗೆ ಆರೋ ಏಳೋ ಇದ್ದಾಗ ಇದೇ ಗಾದಿ, ಇದೇ ವಾಸನೆ, ಟವೆಲ್ಲಿನ ಕೆಳಗೆ ಅಜ್ಜ ನನ್ನ ಕಿರುಬೆರಳು ಒತ್ತುತ್ತಿದ್ದ, ಮಾರಿ ಮಾತಾಡಬಾರ್ದು, ಬೆರಳಷ್ಟ ಮಾತಾಡಬೇಕು, ನಕ್ಕಿ ಅಂದ್ರ ಸೋತಿ, ನಾನು ಪ್ರತಿಸಲ ನಕ್ಕು ಸೋಲುತ್ತಿದ್ದೆ, ಆಮೇಲೆ ಒಂದು ದಿನ ಅಜ್ಜಿ ಸುನಂದಾಬಾಯಿ, ದೊಡ್ಡಾಕಿ ಆಗಿ, ಇನ್ನ ಗಾದಿ ಮ್ಯಾಲೆ ಕುಂದ್ರಬ್ಯಾಡ ಅಂದಳು, ನನ್ನ ಜಾಗದಲ್ಲಿ ಕಿಶೋರ ಕೂತ, ಎಷ್ಟು ಉರಿದಿತ್ತು ಹೊಟ್ಟೆ, ಇವತ್ತಿಗೂ ಉರಿಯುತ್ತದೆ. ನನ್ನ ಜೋಡಿ ಕೂಡಸ್ರಿ ಅಜ್ಜಾ ಅಂದೆ, ಅಂದೇಬಿಟ್ಟೆ, ಚಪ್ಪಲಿ ಬಿಟ್ಟು ಗಾದಿ ಹತ್ತಿ ಕೂತೆ, ಅಜ್ಜ ನೋಡಿದ, ಟವೆಲ್ ಬಿಡಿಸಿ ಇಬ್ಬರ ಕೈಮೇಲೆ ಹರವಿದ. ತಾಈ, ಟವೆಲ ಜರಾ ವರ ಕರಾ ನಾ, ಪುಣೆಯವರಲ್ಲೊಬ್ಬ ಭೂಷಣನ ಗೋಗರೆತ, ಸ್ವಲ್ಪ ಮೇಲೆತ್ತಬೇಕಂತೆ, ಎತ್ತುವುದಿಲ್ಲ ಮಾರಾಯ, ಕೈ ಬಿಡು, ಮುಖದ ಫೋಟೋ ತೆಗಿ ಎಂದು ಅವನಿಗೆ ಮರಾಠಿಯಲ್ಲಿ ಹೇಳಿ, ಅಜ್ಜನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ, ಪುಣೆಯವರಿಗೆ ಅದೆಲ್ಲಿ ತಿಳಿಯಬೇಕು, ಅಜ್ಜಾ, ಮಾಲು ಅರಿಷಿಣ ಅಲ್ರಿ, ಈ ಅಂಗಡಿ, ನನಗ ಬೇಕು, ಬೆರಳಿಗೆ ಒಂದು ವರ್ಷ.

ಕಿಶೋರನ ಬೀಗ ತಿರುಗುವುದು ನಿಂತಿತು, ಅವನಿಗೆ ತಿಳಿಯಿತು, ಅವನೊಬ್ಬನಿಗೆ, ಏ ಚ್ಯಾಷ್ಟಿ ಸಾಕು, ಅಜ್ಜಾ ನೀವರ ಹೇಳ್ರಿ ಆಕಿಗೆ, ಅಜ್ಜ ಅತ್ತ ತಿರುಗಲಿಲ್ಲ, ಕೆಳಗೆ ನನ್ನ ಒಂದು ಬೆರಳು ಹಿಡಿದ, ಒಂದೇ ವರ್ಷ, ಒರಟು ಚರ್ಮ, ಬಿಸಿ, ಸಾಲದು, ಕೊಡವಿಬಿಟ್ಟೆ, ಎರಡು ಹಿಡಿದ, ಕೊಡವಿದೆ, ಮುಖ ಮಾತಾಡಬಾರದು, ಗೋಡೆಯ ಗಡಿಯಾರ ನೋಡುತ್ತೇನೆ, ನಿಂತುಹೋದ ಗಡಿಯಾರ, ಕ್ಯಾಮೆರಾಗಳು ಟಕಟಕ ಅನ್ನುತ್ತಿವೆ, ಅಜ್ಜ ಬೇಕಂತಲೇ ಕಿರುಬೆರಳು ಒತ್ತಿದ, ಅಯ್ಯೋ ಕಳ್ಳ, ನಗಿಸಲು ನೋಡುತ್ತಿದ್ದಾನೆ, ಅದೇ ಹಳೆ ಆಟ, ನಗಲಿಲ್ಲ, ನಾನು ನಗಲಿಲ್ಲ, ಆಗ ಅವನ ತುಟಿಯ ಅಂಚು ಅಲುಗಿತು, ಅವನದು, ನನ್ನದಲ್ಲ, ಪೇಟೆಯಲ್ಲಿ ಯಾರೂ ಕಾಣದ ನಗು, ಕೆಳಗೆ ದೊಡ್ಡ ಕೈ ತೆರೆದುಕೊಂಡು ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿಯಿತು, ಗಟ್ಟಿಯಾಗಿ. ಟವೆಲ್ ಎಳೆದು ಕೊಡವಿ ಹೆಗಲಿಗೆ ಹಾಕಿದ, ಧೂಳು ಬಿಸಿಲಿಗೆ ಹಾರಿತು, ಸೌದಾ ಆತು ಅಂದ. ಪುಣೆಯವರು ಚಪ್ಪಾಳೆ ಹೊಡೆದರು, ಪಾಪ, ಪ್ರಾತ್ಯಕ್ಷಿಕೆ ಎಂದುಕೊಂಡು, ಕಿಶೋರ, ಬೀಗದ ಕೈ ಆಕಿಗೆ ಕೊಡು ಅಂದ ಅಜ್ಜ, ಇವತ್ತಿನ ಮೂರನೇ ಮಾತು, ಕಿಶೋರ ತಂದು ನನ್ನ ಮಡಿಲಲ್ಲಿ ಹಾಕಿ, ಸೌದಾ ಅಂದ ಮ್ಯಾಲೆ ನಾ ಏನ ಹೇಳ್ಲಿ ಎಂದು ಗೊಣಗಿದ, ಗೊಣಗಲಿ, ಗೆದ್ದೆ, ಗಾದಿ ಮೇಲೆ ಕೂತು ಗೆದ್ದೆ ಅಜ್ಜಿ, ಭೂಷಣ ತೆಗೆದ ಫೋಟೋ ತೋರಿಸಲು ಕ್ಯಾಮೆರಾ ಮುಂದೆ ಹಿಡಿದಿದ್ದಾನೆ, ಪರದೆಯಲ್ಲಿ ಎರಡು ಮುಖ, ಎರಡರಲ್ಲೂ ಏನೂ ಇಲ್ಲ, ನಡುವೆ ಟವೆಲ್, ಹಳದಿ ಕಲೆಯ ಹತ್ತಿರ ಒಂದು ಉಬ್ಬು, ಅದರೊಳಗೆ ಅವನ ಕೈ, ಕೈಯೊಳಗೆ ನನ್ನ ಬೆರಳು, ಐದು, ಐದೂ —