ಒಂದು ಸುತ್ತಿಗೆ ಬೇಕಾದ ಉಸಿರು

ಆದೋನಿಯಲ್ಲಿ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ನಲವತ್ತಾರು ವರ್ಷದಿಂದ ಇಲ್ಲೇ ಇದ್ದೇನೆ, ಸುಮ್ಮನೆ ಓಡಿದವನನ್ನು ಒಬ್ಬನನ್ನೂ ಕಂಡಿಲ್ಲ. ರೈಲು ಬಿಡುವಂತಿದ್ದರೆ ಓಡುತ್ತಾರೆ, ನಾಯಿ ಬೆನ್ನು ಹತ್ತಿದರೆ ಓಡುತ್ತಾರೆ. ಬಿಸಿಲು ಏರಿದ ಮೇಲೆ ನಾಯಿಯೂ ಆ ಕೆಲಸ ಬಿಟ್ಟುಬಿಡುತ್ತದೆ. ಇಂಥ ಊರಿನಲ್ಲಿ ನಾನು ಒಂದು ವಾರ ಓಡಿದೆ. ಹೇಳುವಾಗ ಅಲ್ಲಲ್ಲಿ ನಾಲ್ಕು ಗಜ ಹೆಚ್ಚಾದೀತು. ಓಡಿದ್ದರಲ್ಲಿ ಮಾತ್ರ ಒಂದು ಗಜವೂ ಹೆಚ್ಚಿಲ್ಲ.

ಕಾರಣ ನನ್ನ ಮಗಳು ಅಮೂಲ್ಯ. ಹತ್ತು ವರ್ಷ, ಐದನೇ ಕ್ಲಾಸು. ಅವಳ ಶಾಲೆಯ ಆಟೋಟದ ದಿನ ಒಂದು ಪಂದ್ಯ ಇಡುತ್ತಾರೆ. ತಂದೆಯೋ ತಾಯಿಯೋ ಕೈಯಲ್ಲಿ ಕೋಲು ಹಿಡಿದು ಮೈದಾನ ಒಂದು ಸುತ್ತು ಓಡಬೇಕು. ಗೆರೆಯ ಮೇಲೆ ನಿಂತ ಮಗುವಿಗೆ ಆ ಕೋಲು ಕೊಡಬೇಕು. ಆಮೇಲೆ ಮಗು ಒಂದು ಸುತ್ತು ಓಡಬೇಕು. ಕೋಲು ಕೈಗೆ ಬರದೆ ಮಗು ಗೆರೆ ದಾಟುವಂತಿಲ್ಲ. ದೊಡ್ಡವರು ಬಾರದ ಮಕ್ಕಳು ಬೇವಿನ ಮರದ ಕೆಳಗೆ ಸಾಲಾಗಿ ಕೂತು ಚಪ್ಪಾಳೆ ಹೊಡೆಯಬೇಕು. ಕ್ಲಾಸಿನಲ್ಲಿ ಅಮೂಲ್ಯಳಷ್ಟು ಜೋರಾಗಿ ಓಡುವವರು ಯಾರೂ ಇಲ್ಲ. ಅವಳು ಎರಡು ವರ್ಷದಿಂದ ಚಪ್ಪಾಳೆ ಹೊಡೆಯುತ್ತಿದ್ದಳು. ಐದನೇ ಕ್ಲಾಸಿಗೆ ಆ ಶಾಲೆ ಮುಗಿಯುತ್ತದೆ.

ಭಾನುವಾರ ಊಟಕ್ಕೆ ಕೂತಾಗ ಹೇಳಿದಳು.

"ಅಪ್ಪ, ಶನಿವಾರದ ಓಟಕ್ಕ ನಿನ್ನ ಹೆಸರು ಕೊಟ್ಟೀನಿ."

"ಯಾರ್ನ ಕೇಳಿ ಕೊಟ್ಟಿ?"

"ಕೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕ ಕೇಳ್ಲಿಲ್ಲ."

ನಾನು ಹೆಂಡತಿ ಪಲ್ಲವಿಯ ಮುಖ ನೋಡಿದೆ. ಅವಳು ನಂದವರಂ ಕಡೆಯ ಹಳ್ಳಿಗಳಲ್ಲಿ ನರ್ಸು. ಮುಂಜಾನೆ ಆರೂವರೆ ಬಸ್ಸಿಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. "ನನ್ನ ನೋಡಬ್ಯಾಡ್ರಿ," ಎಂದಳು. "ಶನಿವಾರ ಕೂಸುಗಳಿಗೆ ಸೂಜಿ ಹಾಕೋದು ಐತಿ. ನಲ್ವತ್ತು ಕೂಸು ಅಳಿಸಬೇಕು ನಾನು."

ನಮ್ಮವ್ವ ಮಹಾಂತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇವ ಓಡ್ತಾನ? ಕೂಸಿದ್ದಾಗನೂ ಓಡಿದವ ಅಲ್ಲ. ಅಂಬೆಗಾಲು ಹಾಕಿದ, ನಾಕು ಹೆಜ್ಜಿ ನಡೆದ, ಸಾಕು ಅಂತ ಕುಂತ."

ಅವ್ವನ ಮಾತಿನಲ್ಲಿ ತಪ್ಪಿಲ್ಲ. ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಪ್ರೆಸ್ ಸೂಪರ್‌ವೈಸರ್. ಹತ್ತಿಯಿಂದ ಬೀಜ ತೆಗೆದ ಮೇಲೆ ಅರಳೆಯನ್ನು ಒತ್ತಿ ಬೇಲು ಕಟ್ಟಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಆ ಧೂಳು ಕುಡಿದಿದ್ದೇನೆ. ನನ್ನ ಎದೆ ಬಿಚ್ಚಿದರೆ ಒಂದು ಹಾಸಿಗೆ, ಎರಡು ದಿಂಬಿಗೆ ಸಾಕಾಗುವಷ್ಟು ಅರಳೆ ಸಿಗುತ್ತದೆ. ಡಾಕ್ಟರು ಒಂದೇ ದಿಂಬು ಅಂದಿದ್ದರು, ಆದರೆ ಅವರು ಕೆಮ್ಮು ಕೇಳಿದ್ದು ಹಗಲಿನಲ್ಲಿ.

ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಕೆಂಪು ಬೂಟಿನವನೊಬ್ಬ ನಗುತ್ತ ಹೇಳುತ್ತಿದ್ದ: ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ವಾರಕ್ಕೆ ಮೂರು ದಿನ ಸಾಕು, ಎಂಟು ವಾರದಲ್ಲಿ ಅರ್ಧ ಗಂಟೆ ನಿಲ್ಲದೆ ಓಡುತ್ತೀರಿ. ನನ್ನ ಹತ್ತಿರ ಇದ್ದದ್ದು ಐದು ದಿನ. ಪಲ್ಲವಿ ಕ್ಯಾಲೆಂಡರಿನ ಹಿಂದೆ ನನ್ನ ವಾರವನ್ನು ಬರೆದಳು. ಹಾಲು, ಅನ್ನ, ಡಬ್ಬಿ, ಅಮೂಲ್ಯಳ ಎರಡು ಜಡೆ, ಎಂಟಕ್ಕೆ ಶಾಲೆ, ಎಂಟೂವರೆಗೆ ಮಿಲ್ಲು, ಸಂಜೆ ಏಳರ ತನಕ ಮಿಲ್ಲೇ. ಪೆನ್ನು ಹಿಡಿದು ಹುಡುಕಿ ಮೂರು ತೂತು ತೆಗೆದಳು.

"ಸೋಮವಾರ ಮುಂಜಾನಿ ಐದಕ್ಕ ಅರ್ಧ ತಾಸು. ಬುಧವಾರ ಮಿಲ್ಲಿನ್ಯಾಗ ಊಟದ ಹೊತ್ತು. ಶುಕ್ರವಾರ ಮತ್ತ ಮುಂಜಾನಿ."

"ಮಂಗಳವಾರ?"

"ನಿಮ್ಮವ್ವನ ಮೊಣಕಾಲಿಗೆ ಎಣ್ಣಿ ತಿಕ್ಕೋರು ಯಾರು?"

ಸೋಮವಾರ ಐದಕ್ಕೆ ಬೀದಿಗಿಳಿದೆ. ಮೂಲೆಮನೆಯ ಜಂಬಮ್ಮ ಬಾಗಿಲ ಮುಂದೆ ಕಸ ಹೊಡೆಯುತ್ತಿದ್ದಳು. ನಾನು ಓಡುವುದನ್ನು ನೋಡಿ ಪೊರಕೆ ಬಿಟ್ಟಳು. ನಮ್ಮ ಓಣಿಯಲ್ಲಿ ಬೆಳಗಾಗುವ ಮೊದಲು ಒಬ್ಬ ಮನುಷ್ಯ ಓಡಿದರೆ ನೀರಿನ ಟ್ಯಾಂಕರ್ ಬಂದಿದೆ ಎಂದೇ ಅರ್ಥ. ಬೇರೆ ಅರ್ಥ ಇದುವರೆಗೆ ಯಾರಿಗೂ ಬೇಕಾಗಿರಲಿಲ್ಲ.

ಹಿಂದೆ ಪ್ಲಾಸ್ಟಿಕ್ ಕೊಡಗಳ ಸದ್ದು ಕೇಳಿತು. ತಿರುಗಿ ನೋಡಿದರೆ ಹನ್ನೆರಡು ಹೆಂಗಸರು. ಎರಡನೇ ಮೂಲೆಯಲ್ಲಿ ಮೂವತ್ತು. ಈಗ ಹೇಳುವಾಗ ನಲವತ್ತಾಗಿದ್ದಾರೆ. ಅವರು ನನ್ನ ಹಿಂದೆ ಬಹಳ ಹೊತ್ತು ಉಳಿಯಲಿಲ್ಲ, ಕಂಕುಳಲ್ಲೊಂದು ಕೈಯಲ್ಲೊಂದು ಕೊಡ ಹಿಡಿದು ಮುಂದೆ ಹೋದರು. ಅರವತ್ತು ದಾಟಿದ ಜಂಬಮ್ಮ ಎಲ್ಲರಿಗಿಂತ ಮುಂದೆ. ನಾನು ಏದುತ್ತ ಚೌಕಕ್ಕೆ ಬರುವ ಹೊತ್ತಿಗೆ ಅವರು ಸಾಲು ಹಚ್ಚಿ ನಿಂತಿದ್ದರು. ಚೌಕದಲ್ಲಿ ಒಂದು ಎಮ್ಮೆ ಮಾತ್ರ ಇತ್ತು.

"ಎಲ್ಲೈತಿ ವಾಗೀಶಪ್ಪ, ನೀರು?"

"ನೀರಿಲ್ಲ ಜಂಬಕ್ಕ. ನಾ ಸುಮ್ನ ಓಡಾಕತ್ತಿದ್ದೆ."

"ಸುಮ್ನ ಅಂದ್ರ?"

"ಓಡೋದು ಕಲಿಯಾಕ."

ಜಂಬಮ್ಮ ಉಳಿದವರ ಕಡೆ ತಿರುಗಿ, ಸಾವಿನ ಸುದ್ದಿ ಹೇಳುವ ದನಿಯಲ್ಲಿ, "ಕಲಿಯಾಕಂತ," ಎಂದಳು. ಆಮೇಲೆ ನನ್ನ ಹತ್ತಿರ ಬಂದಳು. "ಮನಿಯಾಗ ಎಲ್ಲಾ ಛಲೋ ಅದಾರಿಲ್ಲಪ? ನೋಡು, ಈ ಓಣ್ಯಾಗ ಓಡಬ್ಯಾಡ. ಇವತ್ತು ನೀ ಸುಳ್ಳಾ ಓಡಿದಿ. ನಾಳಿ ಖರೇನ ಟ್ಯಾಂಕರ್ ಬಂದು ಯಾರರ ಓಡಿದ್ರ, ವಾಗೀಶಪ್ಪಗ ಆದಂಗ ಇವನಿಗೂ ಆಗೇತಿ ಅಂತ ನಾವು ಮಲಗಿರ್ತೀವಿ."

ನಾನು ಅವಳಿಗೆ ಕೈ ಮುಗಿದು, ಮನೆಯ ತನಕ ನಡೆದೇ ಬಂದೆ.

ಬುಧವಾರ ಮಿಲ್ಲಿನಲ್ಲಿ ನಡೆದದ್ದಕ್ಕೆ ಪೂರ್ತಿ ನಾನೇ ಹೊಣೆ. ಜಿನ್ನಿಂಗ್ ಮಿಲ್ಲಿನೊಳಗೆ ಬೆಂಕಿಪೊಟ್ಟಣ ಬಿಡುವುದಿಲ್ಲ, ಬೀಡಿಯನ್ನು ಗೇಟಿನಲ್ಲೇ ಇಡಿಸುತ್ತಾರೆ. ಬರೆದಿಡದ ಇನ್ನೊಂದು ಕಟ್ಟಳೆ ಇದೆ: ಒಳಗೆ ಯಾರೂ ಓಡಬಾರದು. ಎಷ್ಟೇ ಅವಸರವಿದ್ದರೂ ನಡೆಯಬೇಕು. ಓಡಿದರೆ ಎಲ್ಲೋ ಹತ್ತಿಗೆ ಬೆಂಕಿ ಹತ್ತಿದೆ ಎಂದೇ ಲೆಕ್ಕ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಇದನ್ನು ಮೊದಲ ದಿನ ಹೇಳಿಕೊಡುವವನು ನಾನು. ಹೊಟ್ಟೆಗೆ ಎರಡು ರೊಟ್ಟಿ ಬಿದ್ದಿತ್ತು, ಅಂಗಳ ಅಗಲವಾಗಿತ್ತು, ಮರೆತೆ.

ಹತ್ತಿ ರಾಶಿಗಳ ನಡುವೆ ಮೂವತ್ತು ಹೆಜ್ಜೆ ಓಡಿರಬಹುದು. ಗೇಟಿನ ವಾಚ್‌ಮನ್ ಅಂಜಿನಪ್ಪ ಗಂಟೆಯ ಹಗ್ಗಕ್ಕೆ ಜೋತುಬಿದ್ದ. ಯಾರೋ ಕರೆಂಟು ಕಿತ್ತರು. ಗಿರಣಿ ನಿಂತು, ಹತ್ತಿ ಹಾಕುವ ಹೆಂಗಸರೆಲ್ಲ ರಸ್ತೆಗೆ ಬಂದರು. ಪಕ್ಕದ ಮಿಲ್ಲಿನವರು ಬಕೆಟ್ ಹಿಡಿದು ಗೋಡೆ ಹಾರಿದರು. ಇಬ್ಬರು ಪೈಪ್ ಎಳೆದು ಎದುರಿಗಿದ್ದ ರಾಶಿಗೆ ನೀರು ಬಿಟ್ಟರು.

"ಏಮೈಂದಿ ಸಾರ್? ಎಲ್ಲಿ ಹತ್ತೇತ್ರಿ?" ಎಂದು ತೆಲುಗು ಕನ್ನಡ ಕಲಸಿ ಕೇಳುತ್ತ ಅಂಜಿನಪ್ಪ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದ. ನಾನು ಕೆಮ್ಮುತ್ತಿದ್ದೆ. ಕೆಮ್ಮನ್ನು ನೋಡಿ ಹೊಗೆ ಕುಡಿದಿದ್ದಾನೆ ಎಂದು ನನ್ನ ಮೇಲೂ ಒಂದು ಬಕೆಟ್ ಸುರಿದರು.

ಸಾಹುಕಾರ ಮಲ್ಲಯ್ಯನವರು ಬಂದರು.

"ಬೆಂಕಿ ನೋಡಿದವರು ಯಾರು?"

"ಬೆಂಕಿ ನಾ ನೋಡಿಲ್ರಿ," ಎಂದ ಅಂಜಿನಪ್ಪ. "ವಾಗೀಶ್ ಸಾರ್ ಓಡೋದು ನೋಡಿದೆ."

ಸಾಹುಕಾರರು ನನ್ನ ಕಡೆ ತಿರುಗಿದರು. "ಎದಕ್ಕ ಓಡಿದ್ಯೋ?"

"ಮಗಳ ಸಲುವಾಗ್ರಿ."

"ಮಗಳು ಎಲ್ಲದಾಳ?"

"ಸಾಲ್ಯಾಗ ಅದಾಳ್ರಿ."

"ಮತ್ತ ಇಲ್ಲಿ ಯಾಕ ಓಡಿದಿ?"

ನೀರು ತೊಟ್ಟಿಕ್ಕಿಸುತ್ತ ನಿಂತೆ. ಅವರು ಕೆಟ್ಟ ಮನುಷ್ಯರಲ್ಲ, ಬೈಯಲಿಲ್ಲ. ತೊಯ್ದ ರಾಶಿಯನ್ನು ಒಂದು ಸಲ ಮುಟ್ಟಿ ನೋಡಿದರು. "ಶನಿವಾರ ಅರ್ಧ ದಿನ ಬಿಡ್ರಿ ಅಂದಿದ್ಯೆಲ್ಲ, ಅದು ಆಗಂಗಿಲ್ಲ. ಇದನ್ನ ಹರವಿ ಒಣಗಿಸು. ಶನಿವಾರ ಪ್ರೆಸ್ಸಿಗೆ ಹಾಕಬೇಕು. ನೀನ ನಿಂತು ಮಾಡ್ಸು."

ಮನೆಯಲ್ಲಿ ಇದನ್ನು ಹೇಳಲಿಲ್ಲ. ಅಮೂಲ್ಯ ಬಿಳಿ ಕ್ಯಾನ್ವಾಸ್ ಬೂಟಿಗೆ ಸುಣ್ಣ ಹಚ್ಚಿ ಕಿಟಕಿಯಲ್ಲಿಟ್ಟಿದ್ದಳು. ಗುರುವಾರ ಮುಂಜಾನೆ ಜಡೆ ಹಾಕುವಾಗ, ನನ್ನ ಮುಖ ಅವಳಿಗೆ ಕಾಣದಿದ್ದಾಗ ಕೇಳಿದಳು.

"ಅಪ್ಪ, ಖರೇನ ಬರ್ತಿಯಿಲ್ಲ?"

"ಬರ್ತೀನಿ."

"ಮರದ ಕೆಳಗ ಕುಂತು ಕುಂತು ಅಲ್ಲಿನ ಇರಿವಿ ಎಲ್ಲಾ ನನ್ನ ಗುರ್ತು ಹಿಡಿತಾವ."

ಅವತ್ತು ಜಡೆ ಒಂದು ಮೇಲೆ ಒಂದು ಕೆಳಗೆ ಬಂತು. ಮಿಲ್ಲಿಗೆ ಹೋದವನೇ ಸಾಹುಕಾರರ ಕೋಣೆಯ ಬಾಗಿಲಲ್ಲಿ ನಿಂತೆ.

"ಶನಿವಾರ ಮಗಳ ಸಾಲ್ಯಾಗ ನಾ ಓಡಬೇಕ್ರಿ, ಒಂದು ತಾಸು ಬಿಡ್ರಿ ಸಾಹುಕಾರ್ರ. ಹನ್ನೊಂದಕ್ಕ ಹೋಗಿ ಹನ್ನೆರಡಕ್ಕ ಬರ್ತೀನಿ."

"ಎಷ್ಟು ದೂರ ಓಡೋದು?"

"ಇನ್ನೂರು ಮೀಟರ್ರಿ."

"ಅದಕ್ಕ ಒಂದು ತಾಸು ಬೇಕೇನು?"

"ನನಗ ಬೇಕ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಹೋಗು. ಗೇಟಿನ ತನಕ ನಡಕೊಂಡು ಹೋಗು."

ಶುಕ್ರವಾರ ಬೀದಿಯೂ ಇಲ್ಲ, ಮಿಲ್ಲೂ ಇಲ್ಲ. ಅಮೂಲ್ಯ ನನ್ನನ್ನು ಮನೆಯೊಳಗೇ ಓಡಿಸಿದಳು. ಬಾಗಿಲಿನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. "ಮೂಗಿಲೆ ತಗೋ, ಬಾಯಿಲೆ ಬಿಡು," ಎಂದು ಒಲೆಯ ಹತ್ತಿರ ನಿಂತು ಹೇಳುತ್ತಿದ್ದಳು. ಆರನೇ ಸಲಕ್ಕೆ ಅವ್ವ ಹಾಸಿಗೆಯಿಂದ, "ಬೀಗರು ಬಂದಾರೇನು? ಇಷ್ಟು ಮಂದಿ ಓಡಾಡ್ತಾರ," ಎಂದಳು. ಅಷ್ಟಕ್ಕೆ ಹಾಲು ಉಕ್ಕಿತು. ನನ್ನ ತಾಲೀಮು ಮುಗಿಯಿತು.

ಶನಿವಾರ ಹನ್ನೊಂದಕ್ಕೆ ಪ್ರೆಸ್ ಬಿಟ್ಟು ನಡೆದೆ, ಗೇಟಿನ ತನಕ ನಡೆದೇ ಹೋದೆ. ಬೈಕ್ ಮೇಲೆ ಶಾಲೆ ಮುಟ್ಟಿದಾಗ ಒಂಬತ್ತು ಜನ ದೊಡ್ಡವರು ಗೆರೆಯ ಮೇಲೆ ನಿಂತಿದ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡ ತಾಯಂದಿರೇ ನಾಲ್ವರು. ನಾನು ಹತ್ತನೆಯವನು. ತಲೆಯ ತುಂಬ ಅರಳೆ ಇತ್ತು. ಒಂದು ಹುಡುಗಿ ಅಮೂಲ್ಯಳನ್ನು, "ನಿಮ್ಮ ತಾತನ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಅಮೂಲ್ಯ ನನ್ನ ಕೈಗೆ ಕೋಲು ಕೊಟ್ಟು, "ಮೂಗಿಲೆ," ಎಂದಷ್ಟೇ ಹೇಳಿದಳು.

ಸೀಟಿ ಊದಿದರು. ಅರ್ಧ ಸುತ್ತಿನ ತನಕ ನಾನು ಐದನೆಯವನಾಗಿದ್ದೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಬೇಕಾದರೆ ಏಳು ಎಂದು ಹೇಳುತ್ತೇನೆ. ಬೇವಿನ ಮರ ದಾಟಿದ ಕೂಡಲೇ ಎದೆಯೊಳಗಿನ ದಿಂಬು ಎದ್ದು ಗಂಟಲಿಗೆ ಬಂತು. ಕೆಮ್ಮು ಹಿಡಿಯಿತು. ಗೆರೆಗೆ ನಲವತ್ತು ಹೆಜ್ಜೆ ಇರುವಾಗ ನಾನು ನಿಂತುಬಿಟ್ಟೆ, ಮೊಣಕಾಲಿನ ಮೇಲೆ ಕೈ ಊರಿ ಬಗ್ಗಿದೆ.

ಉಳಿದ ಒಂಬತ್ತು ಮಕ್ಕಳು ಕೋಲು ಹಿಡಿದು ಹೋದರು. ಸುತ್ತು ಮುಗಿಸಿ ಬಂದರು. ಅಮೂಲ್ಯ ಗೆರೆಯ ಮೇಲೆ ಹಾಗೇ ಇದ್ದಳು, ಬಲಗೈ ಹಿಂದೆ ಚಾಚಿ, ಬೆರಳು ಬಿಚ್ಚಿ. ಬೂಟಿನ ತುದಿ ಸುಣ್ಣದ ಗೆರೆಗೆ ತಾಗಿತ್ತು, ದಾಟಿರಲಿಲ್ಲ. ಅವಳು ಕರೆಯಲಿಲ್ಲ. ಮೈಕಿನಲ್ಲಿ ಟೀಚರುಗಳ ಕುರ್ಚಿ ಆಟಕ್ಕೆ ಕರೆದರು. ಮೈದಾನದ ನಡುವೆ ಕುರ್ಚಿ ತಂದು ಇಡತೊಡಗಿದರು. ಆಟದ ಮೇಷ್ಟ್ರು ಅವಳ ಹತ್ತಿರ ಹೋದರು.

"ಬಾಮ್ಮ, ಓಟ ಮುಗೀತು."

"ನಮ್ಮಪ್ಪ ಇನ್ನಾ ಬರಾಕತ್ಯಾನ್ರಿ ಸಾರ್."

ನಾನು ಬರುತ್ತಿರಲಿಲ್ಲ, ನಿಂತಿದ್ದೆ. ಆ ಮಾತು ಕೇಳಿದ ಮೇಲೆ ನಿಂತಿರುವುದಕ್ಕೂ ಆಗಲಿಲ್ಲ. ಆ ನಲವತ್ತು ಹೆಜ್ಜೆಗಳನ್ನು ನಾನು ಓಟ ಎನ್ನುತ್ತೇನೆ. ನೋಡಿದವರು ಬೇರೆ ಏನೋ ಅಂದರು. ಕೋಲು ಅವಳ ಕೈ ಸೇರಿತು.

ಅವಳು ಹೋದಳು. ನಾನು ಗೆರೆಯ ಪಕ್ಕ ಮಣ್ಣಿನಲ್ಲಿ ಕೂತೆ. ಎದುರಿಗೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ಆದರೂ ಹತ್ತು ಜನರನ್ನು ಹಿಂದೆ ಹಾಕುವವಳ ಹಾಗೆ ಓಡುತ್ತಿದ್ದಳು. ಓಡು ಮಗಳೇ ಎಂದು ಕೂಗಬೇಕು ಅನ್ನಿಸಿತು. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಅದಕ್ಕೆ ಕೈ ಮೇಲೆತ್ತಿ ಬೀಸಿದೆ.

ಆಚೆಯ ಗೋಡೆಯ ಹತ್ತಿರದಿಂದ ಅವಳಿಗೆ ಕಂಡದ್ದು ಇಷ್ಟು: ಅಪ್ಪ ನೆಲಕ್ಕೆ ಬಿದ್ದಿದ್ದಾನೆ, ಬಾಯಿ ತೆರೆದಿದ್ದಾನೆ, ಕೈ ಎತ್ತಿ ಕರೆಯುತ್ತಿದ್ದಾನೆ. ಅವಳು ಸುತ್ತಿನ ಗೆರೆ ಬಿಟ್ಟಳು. ಬೇಡ ಎಂದು ಇನ್ನೂ ಜೋರಾಗಿ ಕೈ ಬೀಸಿದೆ. ಅವಳು ಇನ್ನೂ ಜೋರಾಗಿ ಬಂದಳು, ಮೈದಾನದ ನಡುವೆ, ಕುರ್ಚಿಗಳ ಸಂದಿಯಲ್ಲಿ. ಅಂಥ ಓಟವನ್ನು ಆ ಶಾಲೆ ಅವತ್ತು ನೋಡಿರಲಿಲ್ಲ.

"ಏನಾತಪ್ಪ? ಎದಿ ನೋಯ್ತೈತೇನು?"

ನನಗೆ ಉಸಿರು ಸಿಗುವ ತನಕ ಅವಳು ನನ್ನ ಬೆನ್ನು ತಿಕ್ಕುತ್ತಿದ್ದಳು.

"ಏನಿಲ್ಲ. ಓಡು ಅಂತ ಕೈ ಮಾಡಿದೆ."

ಅವಳ ಕೈ ನಿಂತಿತು. "ಓಡು ಅನ್ನಾಕ ಹಿಂಗ ಕರಿತಾರೇನು?"

"ದನಿ ಬರ್ಲಿಲ್ಲವ್ವ."

ಅವಳು ಗೋಡೆಯ ಕಡೆ ನೋಡಿದಳು. ಗಲ್ಲದ ಮೇಲಿನ ಮಣ್ಣನ್ನು ತೋಳಿನಿಂದ ಒರೆಸಿಕೊಂಡಳು. ಆಮೇಲೆ ಆಟದ ಮೇಷ್ಟ್ರ ಹತ್ತಿರ ಹೋಗಿ ನಿಂತಳು.

"ಸಾರ್, ಉಳಿದಿದ್ದು ಓಡ್ಲೇನ್ರಿ?"

ಮೇಷ್ಟ್ರು ಕುರ್ಚಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಓಡಮ್ಮ. ಕುರ್ಚಿಗೆ ತಾಕಬ್ಯಾಡ."

ಅವಳು ಗೋಡೆಯ ತನಕ ನಡೆದು ಹೋದಳು. ಗೆರೆ ಬಿಟ್ಟ ಜಾಗವನ್ನು ಬಗ್ಗಿ ಹುಡುಕಿ, ತನ್ನದೇ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಿಂತಳು. ಒಂದು ಸಲ ನನ್ನ ಕಡೆ ನೋಡಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಅಲುಗಾಡದೆ ಕೂತೆ.